ಲಂಟಾನವೂ ಗೋಮಾಳದ ವಿಷವೂ

ದನಕರುಗಳ ರೋಗಚಿಕಿತ್ಸೆಯು ಕನ್ನಡ ವಾಙ್ಮಯಕ್ಕೆ ಹೊಸ ವಿಷಯವಲ್ಲ. ಚಾಳುಕ್ಯ ವಂಶದ ಕೀರ್ತಿವರ್ಮನು ಸುಮಾರು 900 ವರ್ಷಗಳ ಹಿಂದೆಯೇ ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಆದರೆ ಇಂದು ನಾಡಿನ ಗೋಮಾಳಗಳನ್ನೂ ಕಾಡಿನಂಚುಗಳನ್ನೂ ವ್ಯಾಪಿಸಿರುವ ವಿಷಗಿಡವೊಂದರ ಹೆಸರನ್ನು ಅಂತಹ ಪ್ರಾಚೀನ ಗ್ರಂಥಗಳಲ್ಲಿ ಅರಸುವುದು ವ್ಯರ್ಥ. ಅದು ಲಂಟಾನ. ಅದರ ಚರಿತ್ರೆಗೆ ಹೆಸರೇ ಒಂದು ಸಾಕ್ಷಿ. ಲಿನ್ನೇಯಸನು 1753ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದ ಲ್ಯಾಟಿನ್ ಪದವು ಹೆಚ್ಚು ಮಾರ್ಪಡದೆ ಕನ್ನಡದ ಆಡುಮಾತಿಗೆ ಇಳಿದಿದೆ. ಪದವು ಹೇಗೆ ಪರದೇಶದ್ದೋ ಗಿಡವೂ ಹಾಗೆಯೇ.

ಇದರ ಮೂಲಸ್ಥಾನವು ಅಮೆರಿಕದ ಉಷ್ಣಪ್ರದೇಶ. ಬಣ್ಣಬಣ್ಣದ ಹೂಗೊಂಚಲುಗಳ ಸೊಬಗಿಗಾಗಿ ಐರೋಪ್ಯರು ಇದನ್ನು ತಮ್ಮ ಉದ್ಯಾನಗಳಲ್ಲಿ ಬೆಳೆಸಿದರು. 19ನೆಯ ಶತಮಾನದ ಮೊದಲ ದಶಕದಲ್ಲಿ ಇದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಅಲಂಕಾರಕ್ಕೆಂದು ಬಂದದ್ದು ಬೇಲಿಗೂ ಒದಗಿತು; ದನಗಳು ಬಾಯಿಡದ ಗಿಡವು ಬೇಲಿಗೆ ಯೋಗ್ಯವೆಂದು ಜನರು ಎಣಿಸಿದುದು ಸಹಜವೇ. ಆದರೆ ಹಕ್ಕಿಗಳು ಇದರ ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆಯೂ ಹರಡಿದವು. ಕೊಡಗಿನಲ್ಲಿ ಪಾಳುಬಿದ್ದ ಕಾಫಿ ತೋಟಗಳು ಇದಕ್ಕೆ ನೆಲೆಯಾದವು. ಅಲ್ಲಿ 1914ರಲ್ಲಿ ಹಾನಿಕರವಾದ ಕಳೆಗಳ ನಿಗ್ರಹಕ್ಕಾಗಿ ಶಾಸನವೇ ಹುಟ್ಟಿತು. ಬಳಿಕ ವೈ. ರಾಮಚಂದ್ರರಾಯರು ಈ ಗಿಡವನ್ನು ತಿನ್ನುವ ಕೀಟಗಳನ್ನು ಶೋಧಿಸಿ 1920ರಲ್ಲಿ ವಿಸ್ತಾರವಾದ ವರದಿಯನ್ನು ಪ್ರಕಟಿಸಿದರು. 1921ರಲ್ಲಿ ಇದರ ಬೀಜವನ್ನು ಕೆಡಿಸುವ ನೊಣವೊಂದನ್ನು ಹವಾಯಿ ದ್ವೀಪಗಳಿಂದ ಬೆಂಗಳೂರಿಗೆ ತರಿಸಲಾಯಿತು. ಗಿಡದ ಹಬ್ಬುಗೆಯು ಅದರಿಂದ ನಿಲ್ಲಲಿಲ್ಲ.

ಎಲೆಯಲ್ಲಿರುವ ವಿಷದ ಸ್ವರೂಪವು ತಿಳಿದುದು ಇನ್ನೂ ಈಚೆಗೆ. ದಕ್ಷಿಣ ಆಫ್ರಿಕದಲ್ಲಿ ಲೌ ಎಂಬ ವಿಜ್ಞಾನಿಯು 1943ರಲ್ಲಿ ಅದನ್ನು ಬೇರ್ಪಡಿಸಿದ ಸಂಗತಿಯನ್ನು ಪ್ರಕಟಿಸಿದನು. ಈಗ ಅದು ಲಂಟಡೀನ್ ಎಂದು ಪ್ರಸಿದ್ಧವಾಗಿದೆ. ಈ ವಿಷವು ಯಕೃತ್ತನ್ನು ಕೆಡಿಸಿ ಪಿತ್ತದ ಹರಿವನ್ನು ತಡೆಯುತ್ತದೆ. ದನವು ಮೇವನ್ನೂ ಮೆಲುಕನ್ನೂ ಬಿಡುತ್ತದೆ, ಕಣ್ಣು ಹಳದಿಯಾಗುತ್ತದೆ. ಹಸುರೆಲೆಯು ಹೊಟ್ಟೆಯಲ್ಲಿ ಜೀರ್ಣವಾಗುವಾಗ ಹುಟ್ಟುವ ಒಂದು ವರ್ಣದ್ರವ್ಯವು ಪಿತ್ತದೊಡನೆ ಹೊರಹೋಗಬೇಕಾದುದು ರಕ್ತದಲ್ಲಿಯೇ ಉಳಿದು ಚರ್ಮವನ್ನು ಸೇರುತ್ತದೆ. ಆಗ ಬಿಸಿಲು ತಗುಲಿದರೆ ಮೈಯಲ್ಲಿ ಬಿಳುಪಾದ ಭಾಗಗಳು ಬೆಂದಂತೆ ಬಿರಿಯುತ್ತವೆ. ಹೊಟ್ಟೆಯ ಚಲನೆಯು ಕುಂದುವುದರಿಂದ ತಿಂದ ಎಲೆಯು ಅಲ್ಲಿಯೇ ನಿಂತು ವಿಷವನ್ನು ಊಡುತ್ತಲೇ ಇರುತ್ತದೆ.

ಇಷ್ಟು ಘೋರವಾದ ಎಲೆಯನ್ನು ದನವು ತಿನ್ನುವುದೇಕೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಲಂಟಾನವಿರುವ ಸೀಮೆಯಲ್ಲಿ ಬೆಳೆದ ದನವು ಸಾಮಾನ್ಯವಾಗಿ ಅದರ ವಾಸನೆಗೇ ಮುಖ ತಿರುಗಿಸುತ್ತದೆ. ತಿನ್ನುವುವು ಎರಡು ಬಗೆಯ ದನಗಳು: ಬೇರೆಡೆಯಿಂದ ಹೊಸದಾಗಿ ಬಂದವು, ಹಸಿದವು. ಬರಗಾಲದಲ್ಲಿ ಹುಲ್ಲು ಒಣಗಿದಾಗಲೂ ಈ ಪೊದೆಯು ಹಸುರಾಗಿರುತ್ತದೆ. ಅಲ್ಲದೆ ಆ ಹುಲ್ಲಿನ ನೆಲವನ್ನು ಮೊದಲೇ ಕಸಿದುಕೊಂಡುದೂ ಇದೇ ಪೊದೆ. ತಾನು ಹಬ್ಬಿ ಮೇವನ್ನು ಅಳಿಸುವುದು, ಮೇವಿಲ್ಲದ ದನಕ್ಕೆ ತಾನೇ ಮೇವಾಗುವುದು, ಇವೆರಡೂ ಒಂದೇ ಅನರ್ಥದ ಎರಡು ಮುಖಗಳು.

ಆದುದರಿಂದ ಲಂಟಾನದ ಚರಿತ್ರೆಯನ್ನು ವಿಷದ ಚರಿತ್ರೆಯೆಂದಷ್ಟೇ ಬರೆದರೆ ಅದು ಅಪೂರ್ಣವಾಗುವುದು. ಬೇಲಿಯಲ್ಲಿ ನಿಂತಿದ್ದಾಗಲೂ ಈ ಎಲೆಯು ವಿಷವೇ ಆಗಿತ್ತು. ಆಗ ದನಕ್ಕೆ ಹುಲ್ಲಿತ್ತು. ಗೋಮಾಳವು ಪೊದೆಯ ಪಾಲಾದ ಮೇಲೆ ಆ ವಿಷವು ದನದ ಬಾಯಿಗೆ ದಾರಿ ಕಂಡುಕೊಂಡಿತು. ಮದ್ದಿನ ಶೋಧವು ಅವಶ್ಯಕವೇ. ಆದರೆ ಹುಲ್ಲಿನ ನೆಲವನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಮೊದಲಿನ ಚಿಕಿತ್ಸೆ.