ಬೂದಿಗುಡ್ಡಗಳು: ರಾಕ್ಷಸನ ಚಿತೆಯಿಂದ ದನದ ದೊಡ್ಡಿಯವರೆಗೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿ, ಕುಡತಿನಿಯ ಬಳಿ, ಸುಮಾರು 10 ಮೀಟರ್ ಎತ್ತರದ ಒಂದು ದಿಬ್ಬವಿದೆ. ಸುತ್ತಲಿನ ಬೆಟ್ಟಗಳೆಲ್ಲ ಕಲ್ಲಿನವು. ಇದೊಂದು ಮಾತ್ರ ಬೂದಿಯದು. ಕೆದಕಿದರೆ ನಸುಬಿಳುಪಿನ ಮೆತ್ತನೆಯ ಬೂದಿ ಸಿಗುತ್ತದೆ. ಅದರ ನಡುವೆ ಕರಗಿ ಗಟ್ಟಿಯಾದ, ತೂತುತೂತಾದ, ಕಬ್ಬಿಣದ ಕಿಟ್ಟದಂತೆ ಕಾಣುವ ಗಡ್ಡೆಗಳೂ ಇವೆ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಗಳಲ್ಲೂ ಅವುಗಳಿಗೆ ಹೊಂದಿದ ಆಂಧ್ರ, ತೆಲಂಗಾಣದ ಜಿಲ್ಲೆಗಳಲ್ಲೂ ಇಂಥ ನೂರಕ್ಕೂ ಹೆಚ್ಚು ನೆಲೆಗಳು ಪತ್ತೆಯಾಗಿವೆ. ಜ್ವಾಲಾಮುಖಿಯ ಸುಳಿವಿಲ್ಲದ ಈ ಬಯಲಿನಲ್ಲಿ ಇಷ್ಟು ಬೂದಿ ಎಲ್ಲಿಂದ ಬಂತು? ಈ ಪ್ರಶ್ನೆಗೆ ಜನ ಕೊಟ್ಟ ಉತ್ತರಗಳನ್ನೂ ವಿದ್ವಾಂಸರು ಕೊಟ್ಟ ಉತ್ತರಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಜನರ ಕಥೆಗಳು

ಕುಡತಿನಿಯ ಬೂದಿಯನ್ನು ಸ್ಥಳೀಯರು ಪಾಂಡವರ ಕಥೆಗೆ ಜೋಡಿಸಿದ್ದರು. ಭೀಮ ಕೊಂದ ರಾಕ್ಷಸನನ್ನು ಇಲ್ಲಿ ಸುಟ್ಟರು, ಅವನ ದೇಹ ಅಷ್ಟು ದೊಡ್ಡದಾದ್ದರಿಂದಲೇ ಬೂದಿ ಗುಡ್ಡವಾಗಿ ನಿಂತಿತು ಎಂಬುದು ಅದರ ತಿರುಳು. ಹಂಪಿಯ ಸಮೀಪದ ನಿಂಬಾಪುರದಲ್ಲಿ ಕಥೆ ರಾಮಾಯಣಕ್ಕೆ ಹೊರಳುತ್ತದೆ. ಕಿಷ್ಕಿಂಧೆ ಇದೇ ಎಂದು ನಂಬುವ ನಾಡಿನಲ್ಲಿ ಅಲ್ಲಿಯ ದಿಬ್ಬ ವಾಲಿಯ ಚಿತಾಭಸ್ಮವಾಯಿತು.

ಈ ಕಥೆಗಳಲ್ಲಿ ಮೂರು ಅಂಶಗಳು ಸ್ಪಷ್ಟವಾಗಿವೆ: ಇದು ಬೆಂಕಿಯಿಂದ ಆದದ್ದು, ಸುಟ್ಟವರು ಮನುಷ್ಯರೋ ಮನುಷ್ಯರಂಥವರೋ ಆಗಿದ್ದರು, ಮತ್ತು ಇದು ರಾಜರ ಕಾಲಕ್ಕಿಂತ ಬಹಳ ಹಿಂದಿನದು. ಮುಂದೆ ಬಂದ ಪಂಡಿತರ ಎಷ್ಟೋ ಊಹೆಗಳಲ್ಲಿ ಈ ಮೂರೂ ಒಟ್ಟಿಗೆ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಒಂದು ಶತಮಾನದ ಊಹೆಗಳು

19ನೆಯ ಶತಮಾನದ ಆರಂಭದಲ್ಲಿ ಕಾಲಿನ್ ಮೆಕೆಂಜಿಯ ಗಮನ ಈ ದಿಬ್ಬಗಳತ್ತ ಹರಿಯಿತು. ಮದ್ರಾಸ್ ಸೇನೆಯ ಅಧಿಕಾರಿ ಥಾಮಸ್ ಜಾನ್ ನ್ಯೂಬೋಲ್ಡ್ 1843ರಲ್ಲಿ ಇವುಗಳ ಬಗ್ಗೆ ಲೇಖನ ಪ್ರಕಟಿಸಿದರು. ಅಲ್ಲಿಂದ ಊಹೆಗಳ ಸಾಲು ಬೆಳೆಯಿತು. ಜ್ವಾಲಾಮುಖಿ ಎಂದವರಿದ್ದರು, ಮಹಾಯಜ್ಞಗಳ ಶೇಷ ಎಂದವರಿದ್ದರು, ಇಟ್ಟಿಗೆ ಗೂಡು ಅಥವಾ ಲೋಹ ಕರಗಿಸುವ ಕುಲುಮೆ ಎಂದವರೂ ಇದ್ದರು. ವಿಜಯನಗರದ ಇತಿಹಾಸಕಾರರೆಂದು ಹೆಸರಾದ ರಾಬರ್ಟ್ ಸೆವೆಲ್ 1899ರ ತಮ್ಮ ಲೇಖನದಲ್ಲಿ ಇವನ್ನು ಮಧ್ಯಕಾಲದ ಸಾಮೂಹಿಕ ದಹನಗಳಿಗೆ ಜೋಡಿಸಿದರು. ಹೀಗಾಗಿ ಸಾವಿರಾರು ವರ್ಷ ಹಳೆಯ ದಿಬ್ಬಗಳು ಕೆಲವೇ ಶತಮಾನಗಳ ಈಚೆಗೆ ಬಂದು ನಿಂತವು.

ಸರಿಯಾದ ದಾರಿ ಹಿಡಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಇವರೇ. ಬೂದಿಯ ಜೊತೆಗೆ ನವಶಿಲಾಯುಗದ ಕಲ್ಲಿನ ಕೊಡಲಿಗಳೂ ಮಡಕೆ ಚೂರುಗಳೂ ಸಿಗುವುದನ್ನು ಅವರು ಕಂಡರು. ಆಫ್ರಿಕಾದ ಪಶುಪಾಲಕರು ಬೇಲಿ ಕಟ್ಟಿ ದನ ಕೂಡುವ ‘ಝರೀಬಾ’ಗಳಿಗೆ ಇವನ್ನು ಹೋಲಿಸಿ, ಇದು ಸುಟ್ಟ ಸಗಣಿ ಎಂದರು. ಆದರೆ ಸಗಣಿ ಸುಟ್ಟರೆ ಗಾಜಿನಂತೆ ಕರಗಿದ ಗಡ್ಡೆ ಹೇಗಾದೀತು ಎಂಬ ಪ್ರಶ್ನೆಗೆ ಆಗ ಪ್ರಯೋಗಾಲಯದ ಉತ್ತರವಿರಲಿಲ್ಲ. ಫೂಟ್ ಅವರ ಮಾತು ಹಲವು ಊಹೆಗಳಲ್ಲಿ ಒಂದಾಗಿಯೇ ಉಳಿಯಿತು.

ಉಟ್ನೂರಿನ ಗೊರಸಿನ ಗುರುತುಗಳು

ಚರ್ಚೆಯ ದಿಕ್ಕು ಬದಲಾದದ್ದು 1957ರಲ್ಲಿ. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ಬೂದಿದಿಬ್ಬವನ್ನು ಪದರಪದರವಾಗಿ ಅಗೆದರು. ಬೂದಿಯ ಕೆಳಗೆ ಸಾಲಾಗಿ ಕಂಬ ನೆಟ್ಟ ಕುಳಿಗಳು ಕಾಣಿಸಿಕೊಂಡವು. ಮರದ ಕಾಂಡಗಳನ್ನು ಒತ್ತೊತ್ತಾಗಿ ನೆಟ್ಟು ಕಟ್ಟಿದ ಬೇಲಿ ಅದು. ಬೇಲಿ ಸುಟ್ಟಿತ್ತು, ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದರು, ಅದೂ ಸುಟ್ಟಿತ್ತು. ಬೇಲಿಯೊಳಗಿನ ನೆಲದಲ್ಲಿ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ವಾಲಿಯ ಚಿತೆ, ಕುಲುಮೆ, ಜ್ವಾಲಾಮುಖಿ ಎಲ್ಲಕ್ಕೂ ಆ ಹೆಜ್ಜೆಗಳೇ ಉತ್ತರವಾದವು. ಆಲ್ಚಿನ್ ತಮ್ಮ ಶೋಧವನ್ನು 1963ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ಪಶುಪಾಲಕರ ಕುರಿತ ಗ್ರಂಥವಾಗಿ ಪ್ರಕಟಿಸಿದರು.

ಕರಗಿದ ಗಡ್ಡೆಯ ಒಗಟನ್ನು ಬಿಡಿಸಿದ್ದು ಎಫ್. ಇ. ಝೊಯ್ನರ್. ಬಳ್ಳಾರಿಯ ಬೂದಿಯನ್ನು ಪರೀಕ್ಷಿಸಿ 1960ರಲ್ಲಿ ಅವರು ಪ್ರಕಟಿಸಿದ ಲೇಖನ ಫೂಟ್ ಅವರ ಮಾತನ್ನು ಎತ್ತಿಹಿಡಿಯಿತು. ಹುಲ್ಲಿನಲ್ಲಿ ಸಿಲಿಕಾ ಕಣಗಳಿರುತ್ತವೆ. ದನ ಹುಲ್ಲು ಮೇದಾಗ ಅವು ಜೀರ್ಣವಾಗದೆ ಸಗಣಿಗೆ ಬರುತ್ತವೆ. ಸಗಣಿಯ ದೊಡ್ಡ ರಾಶಿ ಒಳಗೊಳಗೇ ಬಹಳ ಹೊತ್ತು ಉರಿದು ಕಾವು ಏರಿದಾಗ, ಬೂದಿಯಲ್ಲಿನ ಕ್ಷಾರಗಳು ಸಿಲಿಕಾ ಬೇಗ ಕರಗುವಂತೆ ಮಾಡುತ್ತವೆ. ಹೀಗೆ ಗಾಜಿನಂಥ ಕಿಟ್ಟ ಹುಟ್ಟುತ್ತದೆ. ಕಾವು ಕಡಿಮೆಯಿದ್ದ ಕಡೆ ಮೆತ್ತನೆಯ ಬೂದಿಯಷ್ಟೇ ಉಳಿಯುತ್ತದೆ. ಒಂದೇ ದಿಬ್ಬದಲ್ಲಿ ಎರಡೂ ಪದರಗಳು ಸಿಗುವುದಕ್ಕೆ ಕಾರಣ ಇದು.

ಬೂದಿಹಾಳದ ಬದುಕು

ದಿಬ್ಬ ದನದ ದೊಡ್ಡಿಯಾದರೆ ದನ ಕಾಯುವವರು ಎಲ್ಲಿದ್ದರು? ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಲ್ಲಿ ಕೊಡೇಕಲ್ಲಿನಲ್ಲಿ, ಆಮೇಲೆ 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವು. ಬೂದಿಹಾಳದಲ್ಲಿ ದೊಡ್ಡಿಗೆ ತಾಗಿಯೇ ಮನೆಗಳ ನೆಲೆ ಸಿಕ್ಕಿತು. ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಜಾಗ, ಮಕ್ಕಳ ಸಮಾಧಿಗಳು, ಪ್ರಾಣಿಗಳನ್ನು ಕಡಿದು ಮಾಂಸ ಹಂಚಿಕೊಳ್ಳುತ್ತಿದ್ದ ವಿಶಾಲ ನೆಲವೂ ಹೊರಬಂದವು. ಋತುವಿಗೊಮ್ಮೆ ಬಂದು ಹೋಗುವವರ ತಂಗುದಾಣವೆಂದಷ್ಟೇ ಇವನ್ನು ನೋಡುವುದು ಸಾಲದೆಂದೂ, ಜನ ಕೂಡಿ ಬಾಳಿದ ಊರುಗಳೂ ಇಲ್ಲಿದ್ದವೆಂದೂ ಇದರಿಂದ ಸ್ಪಷ್ಟವಾಯಿತು.

ಸಂಗನಕಲ್ಲು–ಕುಪ್ಪಗಲ್ಲು ಪರಿಸರದ ಶೋಧಗಳು ಈ ಚಿತ್ರಕ್ಕೆ ಇನ್ನಷ್ಟು ಬಣ್ಣ ತುಂಬಿವೆ. ರವಿ ಕೋರಿಶೆಟ್ಟರ್, ನಿಕೋಲ್ ಬೊವಿನ್, ಡೋರಿಯನ್ ಫುಲ್ಲರ್ ಮೊದಲಾದವರ ಅಧ್ಯಯನಗಳಿಂದ ಈ ಜನ ಹುರುಳಿ, ಹೆಸರು, ಕೊರಲೆ ಬೆಳೆದು ಉಣ್ಣುತ್ತಿದ್ದರೆಂದು ತಿಳಿದಿದೆ. ಅಲ್ಲಿಯ ಬೆಟ್ಟದ ಬಂಡೆಗಳ ಮೇಲೆ ಅವರು ಕುಟ್ಟಿ ಮೂಡಿಸಿದ ಡುಬ್ಬದ ಗೂಳಿಗಳಿವೆ. ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳೂ ಇವೆ. ಇದೆಲ್ಲ ಇಂದಿಗೆ 4000 ವರ್ಷಗಳಿಗೂ ಹಿಂದೆ ಬೇರೂರಿದ ಬದುಕು.

ಏಕೆ ಸುಟ್ಟರು?

ಏನು ಸುಟ್ಟರು ಎಂಬುದು ಇತ್ಯರ್ಥವಾದರೂ ಏಕೆ ಸುಟ್ಟರು ಎಂಬುದರಲ್ಲಿ ಒಮ್ಮತವಿಲ್ಲ. ಕೂಡಿಬಿದ್ದ ಸಗಣಿಯಿಂದ ನೊಣ, ಉಣ್ಣೆ, ರೋಗ ಬಾರದಿರಲೆಂದು ಆಗಾಗ ಸುಟ್ಟಿರಬೇಕು ಎಂಬುದು ಒಂದು ವಾದ. ಆಲ್ಚಿನ್ ಇದನ್ನು ಋತುಮಾನದ ಹಬ್ಬದ ಬೆಂಕಿಯೆಂದು ಕಂಡು ಹೋಳಿ, ದೀಪಾವಳಿ, ಪೊಂಗಲ್‌ಗಳತ್ತ ಬೊಟ್ಟು ಮಾಡಿದರು. ಪೀಟರ್ ಜೊಹಾನ್‌ಸೆನ್ ಅವರಂಥ ಈಚಿನ ವಿದ್ವಾಂಸರು ದಿಬ್ಬಗಳನ್ನೇ ಉದ್ದೇಶಪೂರ್ವಕವಾಗಿ ಎತ್ತರಿಸಿದ ಸ್ಮಾರಕಗಳೆಂದು ಓದುತ್ತಾರೆ.

ಮೊದಲ ವಾದವೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಚೊಕ್ಕಟ ಮಾಡುವುದಷ್ಟೇ ಗುರಿಯಾಗಿದ್ದರೆ ಸಗಣಿಯನ್ನು ದೂರ ಸಾಗಿಸಬಹುದಿತ್ತು, ಹೊಲಕ್ಕೆ ಹಾಕಬಹುದಿತ್ತು, ಒಲೆಗೆ ಒಟ್ಟಬಹುದಿತ್ತು. ತಲೆಮಾರುಗಳ ಕಾಲ ಒಂದೇ ಜಾಗದಲ್ಲಿ ರಾಶಿ ಹಾಕಿ ಕುಡತಿನಿಯಷ್ಟು ಎತ್ತರಕ್ಕೆ ಬೆಳೆಸಿದ್ದರಲ್ಲಿ ಊರಿನ ಗುರುತನ್ನು ನಿಲ್ಲಿಸುವ ಆಸೆಯೂ ಇದ್ದಿರಬೇಕು. ಇಂದಿಗೂ ಸಂಕ್ರಾಂತಿಯಂದು ಹಳೆ ಮೈಸೂರಿನ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಚಿತ್ರದುರ್ಗ, ಬಳ್ಳಾರಿ ಸೀಮೆಯ ಮ್ಯಾಸಬೇಡರು ಉಳುಮೆಗೆ ಹೂಡದ ‘ದೇವರ ಎತ್ತು’ಗಳನ್ನು ಕಿಲಾರಿಗಳ ಆರೈಕೆಯಲ್ಲಿ ಸಾಕುತ್ತಾರೆ. ಇವು ನವಶಿಲಾಯುಗದಿಂದ ನೇರವಾಗಿ ಇಳಿದುಬಂದವು ಎಂದು ಹೇಳಲು ಆಧಾರವಿಲ್ಲ. ದನವೆಂದರೆ ಹಾಲು, ಮಾಂಸ, ದುಡಿಮೆಗಿಂತ ಹೆಚ್ಚಿನದು ಎಂಬ ಭಾವನೆ ಒಂದು ಸಮುದಾಯವನ್ನು ಹೇಗೆ ಕಟ್ಟಿಹಿಡಿಯಬಲ್ಲದು ಎಂಬುದನ್ನು ಮಾತ್ರ ಇವು ತೋರಿಸಿಕೊಡುತ್ತವೆ.

ಉಪಸಂಹಾರ

ಕಥೆ ಕಟ್ಟಿದವರೂ ಲೇಖನ ಬರೆದವರೂ ಇಷ್ಟು ದೊಡ್ಡ ಬೂದಿಗೆ ಅಷ್ಟೇ ದೊಡ್ಡ ಕಾರಣ ಹುಡುಕಿದರು: ರಾಕ್ಷಸ, ಜ್ವಾಲಾಮುಖಿ, ಸಾಮೂಹಿಕ ಮರಣ. ದಿನವೂ ಬೀಳುವ ಸಗಣಿಯೂ ದನ ಕಾಯುವವರ ತಾಳ್ಮೆಯೂ ಸೇರಿ ಗುಡ್ಡ ಕಟ್ಟಬಲ್ಲವು ಎಂದು ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ನಮ್ಮ ಇತಿಹಾಸ ಬರವಣಿಗೆ ರಾಜಧಾನಿಗಳನ್ನು ನೋಡಿದಷ್ಟು ಹಟ್ಟಿಗಳನ್ನು ನೋಡದಿರುವುದೂ ಇದಕ್ಕೆ ಕಾರಣ.

ಈ ಅಲಕ್ಷ್ಯಕ್ಕೆ ನಾವು ತೆರುತ್ತಿರುವ ಬೆಲೆ ದೊಡ್ಡದು. ಬೂದಿ ಒಳ್ಳೆಯ ಗೊಬ್ಬರವೆಂದು ಹೊಲಗಳಿಗೆ ಹೋಗಿದೆ. ರಸ್ತೆ, ಕಲ್ಲುಗಣಿ ಕೆಲಸಗಳಲ್ಲಿ ಎಷ್ಟೋ ದಿಬ್ಬಗಳು ಕರಗಿವೆ. ಕ್ರಮಬದ್ಧ ಉತ್ಖನನ ಕಂಡ ನೆಲೆಗಳು ಬೆರಳೆಣಿಕೆಯಷ್ಟು. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಪುರಾತತ್ತ್ವ ಸಂಗ್ರಹಾಲಯ ಇರುವುದು ಸಮಾಧಾನದ ಸಂಗತಿ. ಆದರೆ ಸಂಗ್ರಹಾಲಯದೊಳಗೆ ಕೊಡಲಿಯನ್ನು ಇಡಬಹುದು, ದಿಬ್ಬದ ಪದರಗಳನ್ನು ಇಡಲಾಗದು. ಏಕೆ ಸುಟ್ಟರು ಎಂಬ ಪ್ರಶ್ನೆಗೆ ಉತ್ತರವಿರುವುದು ಆ ಪದರಗಳಲ್ಲೇ. ಆದ್ದರಿಂದ ಉಳಿದಿರುವ ಪ್ರತಿಯೊಂದು ದಿಬ್ಬದ ಗಡಿ ಗುರುತಿಸಿ ಅದನ್ನು ಸಂರಕ್ಷಿತ ನೆಲೆಯೆಂದು ಘೋಷಿಸುವುದು, ಜೊತೆಗೆ ಆಯಾ ಊರಿನ ಹಿರಿಯರು ಅದರ ಬಗ್ಗೆ ಹೇಳುವ ಕಥೆಯನ್ನೂ ಬರೆದಿಟ್ಟುಕೊಳ್ಳುವುದು ತಡಮಾಡದೆ ಆಗಬೇಕಾದ ಕೆಲಸ.