ಒಂದು ಗಡ್ಡಿ, ಎರಡು ಹೆಸರು

ನಮ್ಮ ಕಡೆ ಗಡ್ಡಿ ಅಂದ್ರ ಕೃಷ್ಣಾ ನದ್ಯಾಗಿನ ನೀಲಕಂಠರಾಯನಗಡ್ಡಿ. ನಾರಾಯಣಪುರ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರ ಅಲ್ಲಿಯವರ ದಾರಿನೇ ಬಂದ್. ಭೀಮರಾಯನಗುಡಿಯಿಂದ ಉಡುಪಿಗೆ ಹೋದಾಗ, ಮಲ್ಪೆಯೊಳಗ ಬೋಟ್ ಹತ್ತಿ ಸಮುದ್ರದ ಗಡ್ಡಿನೂ ನೋಡಿಬಂದ್ವಿ: ಸೇಂಟ್ ಮೇರೀಸ್.

1498ರಾಗ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ತಿರುಗಿ ಹೋಗುವಾಗ ಇಲ್ಲಿ ಇಳಿದು, ಸಂತ ಮೇರಿ ಹೆಸರಿನ ಕಂಬ ನೆಟ್ಟ ಅಂತಾರ. ಆ ಕಂಬ ನಮಗ ಕಾಣಲಿಲ್ಲ. ಕಂಡದ್ದು ಐದಾರು ಮೂಲೆಯ ಕರೇ ಕಲ್ಲಗಂಬಗಳು. ಯಾರೂ ಕೆತ್ತಿದ್ದಲ್ಲ, ಲಾವಾ ಆರುವಾಗ ಸೀಳಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದ, ಮಡಗಾಸ್ಕರ್ ನಮ್ಮ ನೆಲದಿಂದ ಬ್ಯಾರೆ ಆಗೋ ಕಾಲದಾಗಿನವು.

ಈ ಗಡ್ಡಿಗೆ ಅಲ್ಲಿಯವರ ಹೆಸರು ತೋನ್ಸೆಪಾರ್. ಬಂದು ಹೋದವನ ಹೆಸರು ನಕಾಶೆ ಸೇರಿತು, ದಿನಾ ಬಲೆ ಹಾಕುವವರದು ಬಾಯಾಗ ಉಳೀತು. ನೀವು ಹೋದ್ರ ಮಕ್ಕಳಿಗೆ ಎರಡೂ ಹೇಳ್ರಿ.