ಸೀಗಿ ಹುಣ್ಣಿಮೆಯ ಸಂಜೆ ನೆತ್ತಿಯ ಮೇಲೆ ಬಿದ್ದ ಬೆಳಕು

2022ರ ಅಕ್ಟೋಬರ್ 9, ಭಾನುವಾರ. ಅವತ್ತು ಸೀಗಿ ಹುಣ್ಣಿಮೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬುತ್ತಿ ಉಂಡು ಜನ ಮನೆ ಸೇರುವ ದಿನ. ಸಂಜೆ 6 ಗಂಟೆ 47 ನಿಮಿಷಕ್ಕೆ ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲಿನಿಂದಲೇ ಒಂದು ಬೆಳಕು ಭೂಮಿಗೆ ಬಡಿಯಿತು. ಯಾರಿಗೂ ಕಾಣಲಿಲ್ಲ. ಅದು ಹೊರಟು ಸುಮಾರು 190 ಕೋಟಿ ವರ್ಷ ಆಗಿತ್ತು.

ಮನುಷ್ಯರು ಇದುವರೆಗೆ ದಾಖಲಿಸಿದ ಗಾಮಾ ಕಿರಣ ಸ್ಫೋಟಗಳಲ್ಲೆಲ್ಲ ಅದೇ ಅತಿ ಪ್ರಖರವಾದದ್ದು. ಗಾಮಾ ಕಿರಣವೂ ಬೆಳಕೇ, ಆದರೆ ಆಸ್ಪತ್ರೆಯ ಎಕ್ಸ್‌ರೇಗಿಂತ ಹೆಚ್ಚು ಶಕ್ತಿಯದು. ನಮ್ಮ ಗಾಳಿಯ ಹೊದಿಕೆ ಅದನ್ನು ಮೇಲೆಯೇ ತಡೆಯುತ್ತದೆ. ಹಾಗಾಗಿ ಅದನ್ನು ನೇರವಾಗಿ ನೋಡಬೇಕೆಂದರೆ ಉಪಗ್ರಹವೇ ಬೇಕು.

ಇಂಥ ಸ್ಫೋಟಗಳನ್ನು ಮೊದಲು ಕಂಡವರು ಅವನ್ನು ಹುಡುಕುತ್ತಿರಲಿಲ್ಲ. ಅವರು ಕಾಯುತ್ತಿದ್ದದ್ದು ಬಾಂಬನ್ನು!

ಬಾಂಬು ಕಾಯುತ್ತಿದ್ದವರು

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಬಾರದು ಎಂದು. ಸಹಿ ಬಿತ್ತು, ನಂಬಿಕೆ ಹುಟ್ಟಲಿಲ್ಲ. ಎದುರಾಳಿ ಕದ್ದುಮುಚ್ಚಿ ಬಾಂಬ್ ಸಿಡಿಸಿದರೆ ಗೊತ್ತಾಗಲಿ ಎಂದು ಅಮೆರಿಕ 'ವೆಲಾ' ಎಂಬ ಉಪಗ್ರಹಗಳನ್ನು ಜೋಡಿ ಜೋಡಿಯಾಗಿ, 1 ಲಕ್ಷ ಕಿಲೋಮೀಟರಿಗೂ ಎತ್ತರಕ್ಕೆ ಹಾರಿಸಿತು. ಸ್ಪ್ಯಾನಿಷ್ ಭಾಷೆಯಲ್ಲಿ ಕಾವಲು ಕಾಯುವುದು ಎಂಬರ್ಥದ ಮಾತಿನಿಂದ ಬಂದ ಹೆಸರದು.

1967ರ ಜುಲೈ 2ರಂದು ವೆಲಾ ಉಪಗ್ರಹಗಳಲ್ಲಿ ಗಾಮಾ ಕಿರಣದ ಒಂದು ಮಿಂಚು ದಾಖಲಾಯಿತು. ಆಗ ಯಾರ ಗಮನಕ್ಕೂ ಬರಲಿಲ್ಲ. 1969ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಾಡೆಲ್ ಮತ್ತು ರಾಯ್ ಓಲ್ಸನ್ ಹಳೆಯ ದಾಖಲೆಗಳನ್ನು ಒಂದೊಂದಾಗಿ ತಿರುವಿ ಹಾಕುವಾಗ ಅದು ಕಣ್ಣಿಗೆ ಬಿತ್ತು. ಬಾಂಬಿನ ಗಾಮಾ ಮಿಂಚು ಕಣ್ಣು ಮಿಟುಕಿಸುವುದರೊಳಗೆ ಏರಿ, ಆಮೇಲೆ ಒಂದೇ ಸಮನೆ ಇಳಿಯುತ್ತದೆ. ಇದು ಒಮ್ಮೆ ಏರಿ, ಇಳಿದು, ಮತ್ತೆ ಏರಿ, ಕೆಲವು ಸೆಕೆಂಡು ಉಳಿದಿತ್ತು. ಬಾಂಬಲ್ಲ. ಹಾಗಾದರೆ ಏನು?

ಅವರು ಅದನ್ನು ಎಸೆಯಲೂ ಇಲ್ಲ, ಊರಿಗೆಲ್ಲ ಸಾರಲೂ ಇಲ್ಲ. ಹೊಸ ವೆಲಾಗಳು ಸಮಯವನ್ನು ಇನ್ನಷ್ಟು ನಿಖರವಾಗಿ ಅಳೆಯುತ್ತಿದ್ದವು. ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿದ ಸದ್ದು ಒಂದು ಊರಿಗೆ ಮೊದಲು, ಇನ್ನೊಂದು ಊರಿಗೆ ಆಮೇಲೆ ಕೇಳುತ್ತದೆ. ಆ ವ್ಯತ್ಯಾಸದಿಂದ ಸದ್ದು ಯಾವ ಕಡೆಯದು ಎಂದು ಹೇಳಬಹುದಲ್ಲ, ಹಾಗೆಯೇ ಯಾವ ಉಪಗ್ರಹಕ್ಕೆ ಮಿಂಚು ಎಷ್ಟು ತಡವಾಗಿ ತಲುಪಿತು ಎಂದು ನೋಡಿ ದಿಕ್ಕು ಹಿಡಿದರು. 1973ರಲ್ಲಿ ಇಯಾನ್ ಸ್ಟ್ರಾಂಗ್ ಜೊತೆ ಸೇರಿ ಪ್ರಕಟಿಸಿದರು: ಮೂರು ವರ್ಷದಲ್ಲಿ 16 ಸ್ಫೋಟ, ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲ.

ಹತ್ತಿರವೋ, ದೂರವೋ

ಮುಂದಿನ ಜಗಳ ಇಪ್ಪತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಇಷ್ಟು ಪ್ರಖರವಾಗಿದೆ ಎಂದರೆ ನಮ್ಮ ಆಕಾಶಗಂಗೆಯೊಳಗಿನದೇ ಇರಬೇಕು ಎಂದರು ಹಲವರು. 1991ರಲ್ಲಿ ನಾಸಾದ ಕಾಂಪ್ಟನ್ ವೀಕ್ಷಣಾಲಯ ಮೇಲೇರಿತು. ದಿನಕ್ಕೆ ಸುಮಾರು ಒಂದರಂತೆ ಸ್ಫೋಟ ಹಿಡಿಯಿತು. ಅವು ಆಕಾಶಗಂಗೆಯ ಪಟ್ಟಿಯ ಉದ್ದಕ್ಕೆ ಸಾಲಾಗಿ ಇರಲಿಲ್ಲ, ಆಕಾಶದ ತುಂಬ ಸಮನಾಗಿ ಚೆಲ್ಲಿದ್ದವು. ಅಂದರೆ ಬಹಳ ಹೊರಗಿನವು.

ಪೂರ್ತಿ ರುಜುವಾತು ಸಿಕ್ಕಿದ್ದು 1997ರಲ್ಲಿ. ಇಟಲಿ–ನೆದರ್ಲೆಂಡ್ಸ್ ಉಪಗ್ರಹ ಬೆಪ್ಪೋಸ್ಯಾಕ್ಸ್ ಫೆಬ್ರವರಿ 28ರ ಸ್ಫೋಟದ ನಂತರ ಅದೇ ಜಾಗದಲ್ಲಿ ಮಂಕಾಗುತ್ತಿದ್ದ ಉಳಿಬೆಳಕನ್ನು ಕಂಡಿತು. ಒಲೆ ಆರಿಸಿದ ಮೇಲೂ ಉಳಿಯುವ ಕೆಂಡದಂತೆ. ಅದೇ ಮೇ 8ರ ಇನ್ನೊಂದು ಸ್ಫೋಟದ ಉಳಿಬೆಳಕಿನಿಂದ ದೂರವನ್ನೂ ಲೆಕ್ಕ ಹಾಕಿದರು. ನೂರಾರು ಕೋಟಿ ಜ್ಯೋತಿರ್ವರ್ಷ.

ಅಷ್ಟು ದೂರದಿಂದ ಇಷ್ಟು ಬೆಳಕು ಹೇಗೆ? ದೊಡ್ಡ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿದು ಕಪ್ಪುಕುಳಿ ಆಗುವಾಗ ಶಕ್ತಿ ಎಲ್ಲ ಕಡೆ ಹರಡದೆ, ಬ್ಯಾಟರಿ ಬೆಳಕಿನಂತೆ ಎರಡು ಕಡೆಗೆ ಕಿರಿದಾಗಿ ಚಿಮ್ಮುತ್ತದೆ. ಆ ಬೆಳಕು ನಮ್ಮ ಮುಖಕ್ಕೇ ನೇರ ಬಿದ್ದರೆ ಕಾಣುತ್ತದೆ. ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಾದರೂ ಚಿಕ್ಕ ಸ್ಫೋಟ ಆಗುತ್ತದೆ ಎಂಬುದು 2017ರಲ್ಲಿ ಖಚಿತವಾಯಿತು.

2008ರ ಮಾರ್ಚ್ 19ರಂದು ಸ್ವಿಫ್ಟ್ ಉಪಗ್ರಹ ಹಿಡಿದ ಸ್ಫೋಟದ ಬೆಳಕು 750 ಕೋಟಿ ವರ್ಷ ಹಳೆಯದು. ಅದು ಹೊರಟಾಗ ನಮ್ಮ ಭೂಮಿಯೇ ಹುಟ್ಟಿರಲಿಲ್ಲ. ಆದರೂ ಕತ್ತಲ ಊರಲ್ಲಿ ಸರಿಯಾದ ಕಡೆ ತಲೆ ಎತ್ತಿದ್ದವರಿಗೆ ಅರ್ಧ ನಿಮಿಷದಷ್ಟು ಹೊತ್ತು ಬರಿಗಣ್ಣಿಗೇ ಕಾಣುವಷ್ಟಿತ್ತು.

ಕಣ್ಣು ಕುಕ್ಕಿದ ಬೆಳಕು

ಮತ್ತೆ ನಮ್ಮ ಸೀಗಿ ಹುಣ್ಣಿಮೆಗೆ ಬರೋಣ. ಆ ಸಂಜೆಯ ಬೆಳಕು ಎಷ್ಟಿತ್ತೆಂದರೆ ನಾಸಾದ ಫರ್ಮಿ ದೂರದರ್ಶಕದ ಉಪಕರಣಗಳಿಗೆ ಎಣಿಸಲಿಕ್ಕೇ ಆಗಲಿಲ್ಲ. ಸುಮಾರು ಒಂದು ತಾಸಿನ ನಂತರ ಉಳಿಬೆಳಕನ್ನು ಕಂಡ ಸ್ವಿಫ್ಟ್, ನಮ್ಮ ಆಕಾಶಗಂಗೆಯದೇ ಏನೋ ಎಂದು ಮೊದಲು ತಪ್ಪು ತಿಳಿಯಿತು. ಹಳೆಯ ಗೊಂದಲವೇ ಇನ್ನೊಮ್ಮೆ! ಚೀನಾದ ಜೀಕ್ಯಾಮ್ ಉಪಕರಣವೊಂದು ಆ ಹೊತ್ತಿಗೆ ಬೇರೆ ಕಾರಣಕ್ಕೆ ವಿಶೇಷ ಸೆಟ್ಟಿಂಗ್‌ನಲ್ಲಿ ಇತ್ತು. ಅದರ ಕಣ್ಣು ಕುಕ್ಕಲಿಲ್ಲ, ಅಳತೆ ಸಿಕ್ಕಿತು. ಇಂಥದ್ದು ಸುಮಾರು 10,000 ವರ್ಷಕ್ಕೊಮ್ಮೆ ಬರಬಹುದು ಎಂಬುದು ವಿಜ್ಞಾನಿಗಳ ಅಂದಾಜು.

ನಮಗೆ ಏನಾದರೂ ಆಯಿತೇ? ಇಲ್ಲ. ಗಾಳಿಯ ಹೊದಿಕೆ ಕಾಯ್ದುಕೊಂಡಿತು. ಆದರೆ ರೇಡಿಯೋ ಅಲೆಗಳನ್ನು ಹಿಂತಿರುಗಿಸುವ ಮೇಲಿನ ಅಯಾನುಗೋಳ ಅಲುಗಾಡಿತು. ಉಪಕರಣಗಳು ಅದನ್ನೂ ಬರೆದಿಟ್ಟುಕೊಂಡವು.

ಈ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಅನ್ನು ನಡೆಸುವುದು ಬೆಂಗಳೂರಿನಿಂದ. ಅದರ ಒಂದು ಉಪಕರಣ ಮುಖ ಬೇರೆ ಕಡೆ ಮಾಡಿದ್ದರೂ ಪಕ್ಕದ ಗೋಡೆ ತೂರಿ ಬಂದ ಗಾಮಾ ಕಿರಣವನ್ನು ಗುರುತಿಸುತ್ತದೆ. ಹಾಗೆ ಹಿಡಿದ ಸ್ಫೋಟಗಳು 500ಕ್ಕೂ ಹೆಚ್ಚು. ಲಡಾಖ್‌ನ ಹಾನ್ಲೆಯಲ್ಲಿರುವ ದೂರದರ್ಶಕವೂ ಉಳಿಬೆಳಕನ್ನು ಹಿಂಬಾಲಿಸುತ್ತದೆ. ಅದನ್ನು ತಿರುಗಿಸುವವರು ಕೂತಿರುವುದು ಹೊಸಕೋಟೆಯ ಬಳಿ.

ವರದಿಗಾರಿಕೆ ಓದಿದ ನಮಗೆ ಈ ಚರಿತ್ರೆಯಲ್ಲಿ ಹಿಡಿಸಿದ್ದು ಆ 1969ರ ಕಾಗದಗಳು. ತಾವು ಹುಡುಕುತ್ತಿದ್ದದ್ದು ಅಲ್ಲ ಎಂದು ಗೊತ್ತಾದ ಮೇಲೂ ಅವರು ಅದನ್ನು ಕಸಕ್ಕೆ ಹಾಕಲಿಲ್ಲ, ಅರ್ಥವಾಗುವ ಮುಂಚೆ ಹೀಗೇ ಎಂದು ಹೇಳಲೂ ಇಲ್ಲ. ನಾಲ್ಕು ವರ್ಷ ಕಾದರು. ಫೋನಿಗೆ ಬಂದದ್ದನ್ನು ಮರುಕ್ಷಣವೇ ಮುಂದಕ್ಕೆ ಕಳಿಸುವ ನಾವು ಅಷ್ಟು ಕಾಯುತ್ತಿದ್ದೆವೇ?